ಎರಡು ನುಡಿಯ ಭಾರ

ನಾರಾಯಣಪೇಟೆಯ ಬಸ್ ನಿಲ್ದಾಣದಲ್ಲಿ ಕಳೆದ ತಿಂಗಳು ಮದ್ದೂರಿನ ಪರಿಚಿತರೊಬ್ಬರು ಭೇಟಿಯಾದರು. ಜೊತೆಗೆ ಎರಡನೆಯ ತರಗತಿಯಲ್ಲಿ ಓದುವ ಮಗನಿದ್ದ. ಯೋಗಕ್ಷೇಮದ ಮಾತು ಮುಗಿದ ಮೇಲೆ, ಬಹಳ ದಿನಗಳಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ಅವರು ಕೇಳಿದರು. "ಮನ್ಯಾಗ ಕನ್ನಡ, ಸಾಲ್ಯಾಗ ತೆಲುಗು, ಟ್ಯೂಷನ್‌ದಾಗ ಇಂಗ್ಲಿಷ್. ಇಷ್ಟ್ ಸಣ್ಣ ಹುಡುಗನ ತಲಿ ಗಡಬಡ ಆಗಂಗಿಲ್ಲೇನ್ರಿ?" ಮನೆಯಲ್ಲಿ ಕನ್ನಡ ಬಿಟ್ಟುಬಿಡಿ, ಹುಡುಗ ಬೇಗ ಮುಂದೆ ಬರುತ್ತಾನೆ ಎಂದು ಶಾಲೆಯಲ್ಲಿ ಯಾರೋ ಬುದ್ಧಿ ಹೇಳಿದ್ದರಂತೆ. ಮನೆಯಲ್ಲಿ ಅವರ ತಾಯಿ ಇದ್ದಾರೆ. ಆಕೆಗೆ ಸಂತೆಯ ತೆಲುಗು ಬರುತ್ತದೆ. ಮೊಮ್ಮಗನಿಗೆ ಕಥೆ ಹೇಳುವಷ್ಟು ಬಾರದು. ಹಾಗಾದರೆ ಅಜ್ಜಿ ಕಥೆ ಹೇಳುವುದನ್ನು ನಿಲ್ಲಿಸಬೇಕೇ ಎಂಬುದು ಆ ಪ್ರಶ್ನೆಯ ಒಳಗಿದ್ದ ಇನ್ನೊಂದು ಪ್ರಶ್ನೆ.

ಈ ಕಳವಳ ಅವರೊಬ್ಬರದಲ್ಲ. ಮಕ್ತಲ್, ಗದ್ವಾಲ್ ಕಡೆಯ ಕನ್ನಡ ಮನೆಗಳಲ್ಲಿಯೂ ಇದು ಕೇಳಿಬರುತ್ತದೆ. ಮಗುವಿನ ತಲೆಯೆಂದರೆ ಇಷ್ಟೇ ಸೇರು ಹಿಡಿಯುವ ಪಾತ್ರೆ. ಕನ್ನಡ ತುಂಬಿದಷ್ಟೂ ತೆಲುಗಿಗೂ ಇಂಗ್ಲಿಷಿಗೂ ಜಾಗ ಕಡಿಮೆ ಎಂಬ ಭಾವನೆ ಇದರ ಹಿಂದೆ ಇದೆ. ತಲೆ ನಿಜಕ್ಕೂ ಅಂಥ ಪಾತ್ರೆಯೇ? ಅದರೊಳಗೆ ಅರಿವು ಹೇಗೆ ಸೇರುತ್ತದೆ, ಹೇಗೆ ಜೋಡಣೆಯಾಗುತ್ತದೆ, ಬೇಕಾದಾಗ ಹೇಗೆ ಹೊರಬರುತ್ತದೆ? ಇವನ್ನು ವಿಚಾರಿಸುವ ಶಾಸ್ತ್ರಕ್ಕೆ ಕಾಗ್ನಿಟಿವ್ ಸೈನ್ಸ್ ಎಂದು ಹೆಸರು. ಕನ್ನಡದಲ್ಲಿ ಅರಿವಿನ ವಿಜ್ಞಾನ ಎನ್ನಬಹುದು. ಪರಿಚಿತರಿಗೆ ಬಸ್ಸು ಬರುವ ಮೊದಲು ಅರ್ಧ ಉತ್ತರವನ್ನಷ್ಟೇ ಕೊಡಲು ಸಾಧ್ಯವಾಯಿತು. ಉಳಿದದ್ದನ್ನು ಈ ವಾರ ಇಲ್ಲಿ ಬರೆಯುತ್ತಿದ್ದೇನೆ.

ಈ ಶಾಸ್ತ್ರ ಹುಟ್ಟಿದ ವರ್ಷ ಗಡಿಯ ಕನ್ನಡಿಗರಾದ ನಾವು ಮರೆಯಲಾಗದ ವರ್ಷವೇ ಆಗಿದೆ. 1956ರ ಆಗಸ್ಟ್ 31ರಂದು ರಾಜ್ಯ ಪುನರ್ವಿಂಗಡಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ನವೆಂಬರ್ 1ರಂದು ಅದು ಜಾರಿಗೆ ಬಂದಿತು. ಹೈದರಾಬಾದ್ ಸಂಸ್ಥಾನ ಮೂರು ಪಾಲಾಯಿತು. ಗುಲ್ಬರ್ಗ, ರಾಯಚೂರು, ಬೀದರ ಜಿಲ್ಲೆಗಳ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿತು. ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ್, ಆಲಂಪುರ ತಾಲೂಕುಗಳೂ ಗುಲ್ಬರ್ಗ ಜಿಲ್ಲೆಯಲ್ಲಿದ್ದ ಕೊಡಂಗಲ್, ತಾಂಡೂರು ತಾಲೂಕುಗಳೂ ಆಂಧ್ರಪ್ರದೇಶಕ್ಕೆ ಬಂದವು. ಇಂದು ಮದ್ದೂರು ಸೇರಿರುವ ವಿಧಾನಸಭಾ ಕ್ಷೇತ್ರಕ್ಕೆ ಹೆಸರು ಕೊಟ್ಟಿರುವುದು ಆ ಕೊಡಂಗಲ್ಲೇ. ಅಂಕಿತಕ್ಕೂ ಜಾರಿಗೂ ನಡುವಿನ ಎರಡು ತಿಂಗಳಲ್ಲಿ, ಸೆಪ್ಟೆಂಬರ್ 10ರಿಂದ 12ರವರೆಗೆ, ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಮಾಹಿತಿ ಸಿದ್ಧಾಂತವನ್ನು ಕುರಿತು ಒಂದು ವಿಚಾರಗೋಷ್ಠಿ ನಡೆಯಿತು. ಅರಿವಿನ ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಆ ಗೋಷ್ಠಿಯ ಎರಡನೆಯ ದಿನವನ್ನು, ಅಂದರೆ ಸೆಪ್ಟೆಂಬರ್ 11ನ್ನು, ಅದರ ಹುಟ್ಟಿದ ದಿನವೆಂದು ಹೇಳುವುದುಂಟು.

ಆ ದಿನದ ಮಹತ್ತ್ವ ತಿಳಿಯಬೇಕಾದರೆ ಅದಕ್ಕೆ ಮುಂಚಿನ ಸ್ಥಿತಿಯನ್ನು ನೋಡಬೇಕು. ಜರ್ಮನಿಯ ಲೈಪ್ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ 1879ರಲ್ಲಿ ಪ್ರಯೋಗಾಲಯವನ್ನು ಸ್ಥಾಪಿಸಿದಾಗ ಮನಶ್ಶಾಸ್ತ್ರ ತತ್ತ್ವಶಾಸ್ತ್ರದ ಮನೆಯಿಂದ ಹೊರಬಂದು ಬೇರೆ ಒಕ್ಕಲಾಯಿತು. ಅಲ್ಲಿ ಮನುಷ್ಯ ತನ್ನ ಅನುಭವವನ್ನು ತಾನೇ ಗಮನಿಸಿ ಹೇಳಬೇಕಿತ್ತು. ಒಬ್ಬನ ಹೇಳಿಕೆ ಇನ್ನೊಬ್ಬನ ಹೇಳಿಕೆಗೆ ತಾಳೆಯಾಗದೆ ಹೋದಾಗ ತೀರ್ಪು ಕೊಡುವ ದಾರಿ ಇರಲಿಲ್ಲ. ಇದರಿಂದ ಬೇಸತ್ತ ಜಾನ್ ವಾಟ್ಸನ್ 1913ರಲ್ಲಿ, ಮನಸ್ಸಿನ ಮಾತೇ ಬೇಡ, ಹೊರಗೆ ಕಾಣುವ ವರ್ತನೆಯನ್ನಷ್ಟೇ ಅಳೆಯೋಣ ಎಂದ. ಮುಂದಿನ ನಾಲ್ಕು ದಶಕ ಅಮೆರಿಕದ ಮನಶ್ಶಾಸ್ತ್ರದಲ್ಲಿ ಈ ವರ್ತನಾವಾದವೇ ಮೇಲುಗೈಯಾಗಿತ್ತು. ಪ್ರಚೋದನೆ ಒಳಗೆ ಹೋಗುತ್ತದೆ, ಪ್ರತಿಕ್ರಿಯೆ ಹೊರಗೆ ಬರುತ್ತದೆ. ನಡುವೆ ಏನಾಗುತ್ತದೆಂದು ಕೇಳುವುದು ವಿಜ್ಞಾನಿಗೆ ತಕ್ಕ ಪ್ರಶ್ನೆಯೆನಿಸಿಕೊಳ್ಳಲಿಲ್ಲ.

ಕನ್ನಡ ನಾಡು ಈ ಶಾಸ್ತ್ರದಿಂದ ದೂರ ಉಳಿದಿರಲಿಲ್ಲ. ಬ್ರಜೇಂದ್ರನಾಥ ಸೀಲರು ಕುಲಪತಿಗಳಾಗಿದ್ದಾಗ, 1924ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಭಾರತದಲ್ಲಿ ಇದು ಕಲ್ಕತ್ತೆಯ ಹಿಂದೆಯೇ ಬಂದ ವಿಭಾಗ. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಶಿಷ್ಯರಾಗಿದ್ದವರು. 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿ ಅದಕ್ಕೆ ಆಕಾಶವಾಣಿ ಎಂದು ಹೆಸರಿಟ್ಟವರೂ ಅವರೇ. ಅವರ ಗುರು ಸ್ಪಿಯರ್‌ಮನ್ನರದು ಬುದ್ಧಿಯನ್ನು ಅಳೆಯುವ ಪರಂಪರೆ. ಪ್ರಶ್ನೆ ಕೊಡು, ಅಂಕ ಎಣಿಸು, ಮಕ್ಕಳನ್ನು ಹೋಲಿಸು. ಅಂಕ ಎಷ್ಟು ಬಂತೆಂದು ಈ ವಿಧಾನ ಹೇಳಬಲ್ಲದು. ಉತ್ತರ ತಲೆಯೊಳಗೆ ಹೇಗೆ ಹುಟ್ಟಿತೆಂದು ಹೇಳಲಾರದು.

ನಮ್ಮ ಪರಿಚಿತರ ಭಯದ ಬೇರೂ ಇದೇ ಕಾಲದಲ್ಲಿದೆ. 1923ರಲ್ಲಿ ಡಿ. ಜೆ. ಸೇಯರ್ ಎಂಬವರು ಬ್ರಿಟನ್ನಿನ ವೇಲ್ಸ್ ಪ್ರಾಂತದ ಶಾಲಾಮಕ್ಕಳಿಗೆ ಬುದ್ಧಿಪರೀಕ್ಷೆ ನಡೆಸಿದರು. ವೇಲ್ಸ್‌ನದು ನಮ್ಮಂಥದೇ ಕಥೆ: ಮನೆಯಲ್ಲಿ ವೆಲ್ಷ್, ಹೊರಗೆ ಇಂಗ್ಲಿಷ್. ಹಳ್ಳಿಯ ಶಾಲೆಗಳಲ್ಲಿ ಎರಡು ನುಡಿಯ ಮಕ್ಕಳಿಗೆ ಒಂದೇ ನುಡಿಯ ಮಕ್ಕಳಿಗಿಂತ ಕಡಿಮೆ ಅಂಕ ಬಂತು. ಎರಡು ನುಡಿ ಮಗುವಿನ ಬುದ್ಧಿಯನ್ನು ಕದಡುತ್ತದೆ ಎಂಬ ತೀರ್ಮಾನ ಹಬ್ಬಿತು. ಪಟ್ಟಣದ ಮಕ್ಕಳಲ್ಲಿ ಆ ಅಂತರ ಕಂಡಿರಲಿಲ್ಲ. ಎರಡು ನುಡಿಯೇ ಕಾರಣವಾಗಿದ್ದರೆ ಪಟ್ಟಣದಲ್ಲಿಯೂ ಅದು ತೋರಬೇಕಿತ್ತಲ್ಲವೇ? ಆ ಪ್ರಶ್ನೆಗೆ ಸಿಗಬೇಕಾದ ಗಮನ ಸಿಗಲಿಲ್ಲ. ಬಡತನ, ಹಳ್ಳಿಯ ಶಾಲೆಯ ಸ್ಥಿತಿ, ಪರೀಕ್ಷೆಯ ರೀತಿ ಇವೆಲ್ಲ ಮರೆಯಾಗಿ ನುಡಿಯೊಂದೇ ಅಪರಾಧಿಯಾಯಿತು.

ತಲೆಯೊಳಗೆ ಏನಾಗುತ್ತದೆಂಬ ಪ್ರಶ್ನೆಗೆ ಮತ್ತೆ ಮರ್ಯಾದೆ ತಂದುಕೊಟ್ಟವರು ಮನಶ್ಶಾಸ್ತ್ರಜ್ಞರಿಗಿಂತ ಮೊದಲು ಗಣಿತಜ್ಞರು ಮತ್ತು ಎಂಜಿನಿಯರುಗಳು. ನಿಯಮಗಳನ್ನು ಒಂದೊಂದಾಗಿ ಪಾಲಿಸುವ ಯಂತ್ರ ಯಾವ ಲೆಕ್ಕಗಳನ್ನು ಮಾಡಬಲ್ಲದೆಂದು ಆಲನ್ ಟ್ಯೂರಿಂಗ್ 1936ರಲ್ಲಿ ತೋರಿಸಿದ್ದ. ವಾರನ್ ಮೆಕಲಕ್ ಮತ್ತು ವಾಲ್ಟರ್ ಪಿಟ್ಸ್ 1943ರಲ್ಲಿ ನರಕೋಶಗಳ ಜಾಲವನ್ನು ತರ್ಕದ ಚಿಹ್ನೆಗಳಲ್ಲಿ ಬರೆದರು. ಕ್ಲಾಡ್ ಶಾನನ್ 1948ರಲ್ಲಿ ಮಾಹಿತಿಯನ್ನು ಅಳೆಯುವ ಮಾನವನ್ನು ಕೊಟ್ಟ. ಅದೇ ವರ್ಷ ನಾರ್ಬರ್ಟ್ ವೀನರ್ ಯಂತ್ರದಲ್ಲಿಯೂ ಪ್ರಾಣಿಯಲ್ಲಿಯೂ ನಡೆಯುವ ನಿಯಂತ್ರಣವನ್ನು ಒಂದೇ ಚೌಕಟ್ಟಿನಲ್ಲಿ ವಿವರಿಸಿದ. ಒಳಗೆ ಏನು ನಡೆಯುತ್ತಿದೆಯೆಂದು ಯಂತ್ರದ ವಿಷಯದಲ್ಲಿ ಸ್ಪಷ್ಟವಾಗಿ ಹೇಳಲು ಸಾಧ್ಯವಾದ ಮೇಲೆ, ಮನುಷ್ಯನ ವಿಷಯದಲ್ಲಿ ಮಾತ್ರ ಅದನ್ನು ಕೇಳಬಾರದೆಂಬ ನಿಷೇಧಕ್ಕೆ ಬಲ ಉಳಿಯಲಿಲ್ಲ.

1956ರ ಸೆಪ್ಟೆಂಬರ್ 11ರಂದು ಈ ಎಳೆಗಳು ಒಂದೇ ಸಭಾಂಗಣದಲ್ಲಿ ಕೂಡಿದವು. ಅಂದಿನ ಮೂರು ಪ್ರಬಂಧಗಳು ನಮಗೆ ಮುಖ್ಯ.

ಮೊದಲನೆಯದು ಆಲನ್ ನ್ಯೂವೆಲ್ ಮತ್ತು ಹರ್ಬರ್ಟ್ ಸೈಮನ್ ಅವರದು. ತರ್ಕಶಾಸ್ತ್ರದ ಪ್ರಮೇಯಗಳನ್ನು ಸಾಧಿಸುವ ಕಂಪ್ಯೂಟರ್ ಕ್ರಮವಿಧಿಯನ್ನು ಅವರು ಮುಂದಿಟ್ಟರು. ರಸೆಲ್ ಮತ್ತು ವೈಟ್‌ಹೆಡ್ ಅವರ ಪ್ರಿನ್ಸಿಪಿಯಾ ಮ್ಯಾಥಮೆಟಿಕಾದ ಎರಡನೆಯ ಅಧ್ಯಾಯದ ಮೊದಲ 52 ಪ್ರಮೇಯಗಳಲ್ಲಿ 38ನ್ನು ಅದು ಸಾಧಿಸಿತು. ಸಿಕ್ಕ ಸಿಕ್ಕ ದಾರಿಗಳನ್ನೆಲ್ಲ ತಡಕಾಡದೆ, ಫಲ ಕೊಡುವಂತೆ ತೋರುವ ದಾರಿಯನ್ನು ಆರಿಸಿಕೊಂಡು ಮುಂದುವರಿಯುವುದು ಅದರ ರೀತಿ. ಯೋಚನೆಯನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿಡಬಹುದು ಎಂಬುದಕ್ಕೆ ಅದು ಸಾಕ್ಷಿಯಾಯಿತು.

ಎರಡನೆಯದು ನೋಮ್ ಚಾಮ್‌ಸ್ಕಿಯದು. ಆಗ ಆತನಿಗೆ ಇಪ್ಪತ್ತೇಳು ವರ್ಷ. ಮಾತೆಂದರೆ ಒಂದು ಪದ ಮುಂದಿನ ಪದವನ್ನು ಎಳೆದುಕೊಂಡು ಬರುವ ಸರಪಳಿ ಎಂಬ ಕಲ್ಪನೆ ಸಾಲದೆಂದು ಆತ ಸಾಧಿಸಿದ. ಆತನ ಉದಾಹರಣೆಗಳು ಇಂಗ್ಲಿಷಿನವು. ನಮ್ಮ ನುಡಿಯಲ್ಲಿಯೇ ಒಂದನ್ನು ನೋಡೋಣ. "ಅಜ್ಜಿ ಮಾವ ತಂದ ಎತ್ತು ಮೇಯುವ ಹೊಲಕ್ಕೆ ಹೋದಳು." ಕೊನೆಯ ಕ್ರಿಯಾಪದ ಹೋದಳು ಎಂದಿದೆ, ಹೋದನು ಎಂದಿಲ್ಲ, ಹೋಯಿತು ಎಂದೂ ಇಲ್ಲ. ಹತ್ತಿರವಿರುವ ಎತ್ತನ್ನೂ ಅದರಾಚೆಯ ಮಾವನನ್ನೂ ದಾಟಿ ಅದು ವಾಕ್ಯದ ತುದಿಯಲ್ಲಿರುವ ಅಜ್ಜಿಯೊಡನೆ ಸಂಬಂಧ ಬೆಳೆಸುತ್ತದೆ. ನಡುವೆ ಇನ್ನೆಷ್ಟು ಮಾತು ಸೇರಿಸಿದರೂ ಆ ಸಂಬಂಧ ಕಡಿಯುವುದಿಲ್ಲ. ಹೀಗೆ ಮಾತಾಡಬಲ್ಲವನ ತಲೆಯಲ್ಲಿ ಪದಗಳ ಪಟ್ಟಿಯಷ್ಟೇ ಇದ್ದರೆ ಸಾಲದು, ವಾಕ್ಯವನ್ನು ಕಟ್ಟುವ ನಿಯಮಗಳಿರಬೇಕು. ಕೇಶಿರಾಜನ, ಭಟ್ಟಾಕಳಂಕನ ಸೂತ್ರಗಳನ್ನು ಕಂಡಿರುವ ಕನ್ನಡಿಗರಿಗೆ ನುಡಿಯ ಹಿಂದೆ ನಿಯಮವಿದೆಯೆಂಬುದು ಹೊಸ ಸಂಗತಿಯಲ್ಲ. ಚಾಮ್‌ಸ್ಕಿಯಲ್ಲಿ ಹೊಸದಾಗಿದ್ದುದೆಂದರೆ, ಆ ನಿಯಮಗಳು ಓದುಬರಹವಿಲ್ಲದವರ ಮನಸ್ಸಿನಲ್ಲಿಯೂ ಇವೆ, ಮಗು ಅವನ್ನು ತಾನೇ ಕಂಡುಕೊಳ್ಳುತ್ತದೆ, ಆದ್ದರಿಂದ ಅವು ಮನಶ್ಶಾಸ್ತ್ರದ ವಿಷಯ ಎಂಬ ವಾದ.

ಮೂರನೆಯದು ಜಾರ್ಜ್ ಮಿಲ್ಲರ್ ಅವರದು, ಮನುಷ್ಯನ ನೆನಪನ್ನು ಕುರಿತದ್ದು. ಅದೇ ವರ್ಷದ ಮಾರ್ಚಿಯಲ್ಲಿ ಅವರು ಏಳೆಂಬ ಸಂಖ್ಯೆಯನ್ನು ಕುರಿತು ಪ್ರಸಿದ್ಧ ಲೇಖನವನ್ನು ಪ್ರಕಟಿಸಿದ್ದರು. ಒಮ್ಮೆ ಕೇಳಿ ಕೂಡಲೇ ಒಪ್ಪಿಸಬೇಕಾದಾಗ ಮನುಷ್ಯ ಸುಮಾರು ಏಳು ಸಂಗತಿಗಳನ್ನು, ಒಂದೆರಡು ಹೆಚ್ಚು ಕಡಿಮೆ, ಹಿಡಿದಿಡಬಲ್ಲ. ಹಾಗಾದರೆ ತಲೆ ಪಾತ್ರೆಯೇ ಆಯಿತಲ್ಲ ಎನ್ನಬಹುದು. ಮಿಲ್ಲರ್ ಅವರ ಮುಖ್ಯ ಮಾತು ಇದರ ಮುಂದಿದೆ. ಮಿತಿ ಇರುವುದು ಸಂಗತಿಗಳ ಎಣಿಕೆಗೆ; ಒಂದೊಂದು ಸಂಗತಿಯೊಳಗೆ ಎಷ್ಟು ಅಡಗಿರಬಹುದೆಂಬುದಕ್ಕೆ ಅಂಥ ಮಿತಿಯಿಲ್ಲ. ಮೊಬೈಲಿನ ಹತ್ತು ಅಂಕೆಗಳನ್ನು ಒಂದೊಂದಾಗಿ ಹೇಳಿದರೆ ತಪ್ಪಿಹೋಗುತ್ತವೆ. ತೊಂಬತ್ತೆಂಟು, ನಲವತ್ತೆಂಟು ಎಂದು ಜೋಡಿ ಜೋಡಿಯಾಗಿ ಹೇಳಿದರೆ ಐದೇ ಸಂಗತಿಗಳಾಗುತ್ತವೆ, ನೆನಪಿನಲ್ಲಿ ನಿಲ್ಲುತ್ತವೆ. ಇತ್ತೀಚಿನ ಸಂಶೋಧಕರು ಏಳರ ಬದಲು ನಾಲ್ಕು ಎನ್ನುವುದುಂಟು. ಕಟ್ಟು ಕಟ್ಟಿ ಇಟ್ಟುಕೊಳ್ಳುವ ಈ ಉಪಾಯ ಮಾತ್ರ ಹಾಗೆಯೇ ನಿಂತಿದೆ. ಮಗ್ಗಿ ಬಾಯಿಪಾಠ ಮಾಡಿದ ಹುಡುಗನಿಗೆ ಲೆಕ್ಕ ಹಗುರವಾಗುವುದು ಇದರಿಂದಲೇ. ತಲೆಯಲ್ಲಿ ಹೆಚ್ಚು ಇರುವುದು ಭಾರವಲ್ಲ. ಚೆನ್ನಾಗಿ ಜೋಡಿಸಿದ್ದು ಹೊಸದಕ್ಕೆ ಆಸರೆಯಾಗುತ್ತದೆ.

ಮನಶ್ಶಾಸ್ತ್ರದ ಪ್ರಯೋಗ, ಭಾಷಾಶಾಸ್ತ್ರ, ಕಂಪ್ಯೂಟರ್ ಇವು ಒಂದೇ ದೊಡ್ಡ ವಸ್ತುವಿನ ಭಾಗಗಳು ಎಂಬ ಭಾವನೆಯನ್ನು ಹೊತ್ತು ಆ ಗೋಷ್ಠಿಯಿಂದ ಹೊರಬಂದೆ ಎಂದು ಮಿಲ್ಲರ್ 2003ರಲ್ಲಿ ನೆನೆದಿದ್ದಾರೆ. ಮುಂದಿನದು ಸಂಸ್ಥೆಗಳ ಕಥೆ. ಮಿಲ್ಲರ್ ಮತ್ತು ಜೆರೋಮ್ ಬ್ರೂನರ್ 1960ರಲ್ಲಿ ಹಾರ್ವರ್ಡಿನಲ್ಲಿ ಅರಿವಿನ ಅಧ್ಯಯನ ಕೇಂದ್ರವನ್ನು ತೆರೆದರು. ಅಲ್ರಿಕ್ ನೈಸರ್ 1967ರಲ್ಲಿ ಅರಿವಿನ ಮನಶ್ಶಾಸ್ತ್ರದ ಪಠ್ಯವನ್ನು ಬರೆದರು. ಶಾಸ್ತ್ರಕ್ಕೆ ಈಗಿನ ಹೆಸರನ್ನು 1973ರಲ್ಲಿ ಬಳಸಿದವರು ಬ್ರಿಟನ್ನಿನ ಕ್ರಿಸ್ಟೋಫರ್ ಲಾಂಗೆಟ್ ಹಿಗ್ಗಿನ್ಸ್. 1977ರಲ್ಲಿ ಪತ್ರಿಕೆ ಹುಟ್ಟಿತು, 1979ರಲ್ಲಿ ಅಮೆರಿಕದ ಲಾ ಹೋಯಾದಲ್ಲಿ ವಿದ್ವಾಂಸರ ಸಂಘದ ಮೊದಲ ಸಮಾವೇಶ ನಡೆಯಿತು. ತತ್ತ್ವಶಾಸ್ತ್ರ, ಮನಶ್ಶಾಸ್ತ್ರ, ಭಾಷಾಶಾಸ್ತ್ರ, ಕಂಪ್ಯೂಟರ್ ವಿಜ್ಞಾನ, ಮಾನವಶಾಸ್ತ್ರ, ನರವಿಜ್ಞಾನ ಈ ಆರೂ ಕೂಡಿದ ಷಟ್ಕೋನವಾಗಿ ಈ ಶಾಸ್ತ್ರವನ್ನು ಚಿತ್ರಿಸುವ ರೂಢಿಯೂ ಆ ದಶಕದ ಕೊನೆಯಲ್ಲಿಯೇ ಬಂತು.

ಭಾರತದಲ್ಲಿ ಈ ಆರು ಕೋನಗಳು ಮೊದಲು ಬೇರೆ ಬೇರೆ ಊರುಗಳಲ್ಲಿ ಬೆಳೆದವು. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆಯೂ, 1969ರಲ್ಲಿ ಭಾರತೀಯ ಭಾಷಾ ಸಂಸ್ಥಾನವೂ ನೆಲೆಗೊಂಡವು. ಅರಿವಿನ ವಿಜ್ಞಾನದ ಹೆಸರಿನಲ್ಲಿಯೇ ಅಲಹಾಬಾದ್ ವಿಶ್ವವಿದ್ಯಾನಿಲಯ 2002ರಲ್ಲಿ ಕೇಂದ್ರವನ್ನು ತೆರೆಯಿತು. ಹೈದರಾಬಾದ್ ವಿಶ್ವವಿದ್ಯಾನಿಲಯದಲ್ಲಿಯೂ ಈಗ ಅಂಥ ಕೇಂದ್ರವಿದೆ.

ಈಗ ನಮ್ಮ ಪರಿಚಿತರ ಪ್ರಶ್ನೆಗೆ ಬರೋಣ. ಅಂಕ ಎಣಿಸುವ ಕಾಲದ ತೀರ್ಮಾನವನ್ನು ಮೊದಲು ಅಲುಗಾಡಿಸಿದ್ದು ಕೆನಡಾದ ಮಾಂಟ್ರಿಯಲ್ ನಗರ. ಅಲ್ಲಿ ಫ್ರೆಂಚ್ ಮತ್ತು ಇಂಗ್ಲಿಷ್ ಒಂದೇ ಬೀದಿಯಲ್ಲಿ ಬಾಳುತ್ತವೆ. ಎಲಿಜಬೆತ್ ಪೀಲ್ ಮತ್ತು ವ್ಯಾಲೇಸ್ ಲ್ಯಾಂಬರ್ಟ್ 1962ರಲ್ಲಿ ಹತ್ತು ವರ್ಷದ ಮಕ್ಕಳನ್ನು ಪರೀಕ್ಷಿಸುವಾಗ ಮನೆಯ ಆರ್ಥಿಕ, ಸಾಮಾಜಿಕ ಸ್ಥಿತಿ ಸಮನಾಗಿರುವಂತೆ ನೋಡಿಕೊಂಡರು. ಹೀಗೆ ಮಾಡಿದ ಕೂಡಲೇ ಎರಡು ನುಡಿಯ ಮಕ್ಕಳ ಹಿನ್ನಡೆ ಮಾಯವಾಯಿತು. ಹಲವು ಪರೀಕ್ಷೆಗಳಲ್ಲಿ ಅವರೇ ಮುಂದಿದ್ದರು. ನಮ್ಮ ದೇಶದಲ್ಲಿ ಅಜಿತ್ ಮೊಹಾಂತಿಯವರು ಒಡಿಶಾದ ಕಂಧ ಜನರ ಮಕ್ಕಳನ್ನು ಅಧ್ಯಯನ ಮಾಡಿದರು. ಆ ಜನರಲ್ಲಿ ಕೆಲವೆಡೆ ಕುಯಿ ನುಡಿ ಉಳಿದು ಒಡಿಯಾ ಜೊತೆಯಾಗಿದೆ, ಕೆಲವೆಡೆ ಕುಯಿ ಅಳಿದು ಒಡಿಯಾ ಮಾತ್ರ ಉಳಿದಿದೆ. ಜನ ಒಂದೇ, ಜೀವನ ಒಂದೇ, ಬೇರೆಯಾಗಿದ್ದುದು ನುಡಿ ಮಾತ್ರ. ಅಲ್ಲಿಯೂ ಎರಡು ನುಡಿ ಉಳಿಸಿಕೊಂಡ ಮಕ್ಕಳೇ ಮೇಲಾಗಿ ಕಂಡರು. ದ್ವಿಭಾಷಿಕತೆಯನ್ನು ಕುರಿತ ಅವರ ಗ್ರಂಥವನ್ನು 1994ರಲ್ಲಿ ಪ್ರಕಟಿಸಿದ್ದು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ.

ಕನ್ನಡದ ಮಕ್ಕಳೇ ಈ ಶಾಸ್ತ್ರಕ್ಕೆ ಪಾಠ ಹೇಳಿದ ಸಂದರ್ಭವೊಂದಿದೆ. ಏರು ಎಂಬುದಕ್ಕೆ ಇಸು ಸೇರಿದರೆ ಏರಿಸು. ಒಬ್ಬರು ಇನ್ನೊಬ್ಬರಿಂದ ಕೆಲಸ ಮಾಡಿಸುವ ಅರ್ಥ ಆ ಪ್ರತ್ಯಯದಿಂದ ಸ್ಪಷ್ಟವಾಗುತ್ತದೆ. ಜೆಫ್ರಿ ಲಿಡ್ಜ್ ಮತ್ತು ಲೈಲಾ ಹಾಗೂ ಹೆನ್ರಿ ಗ್ಲೈಟ್‌ಮನ್ ಕನ್ನಡದ ಮೂರು ವರ್ಷದ ಮಕ್ಕಳಿಗೆ ಆಟಿಕೆಗಳನ್ನು ಕೊಟ್ಟು, ಕೇಳಿದ ವಾಕ್ಯವನ್ನು ಆಡಿ ತೋರಿಸಲು ಹೇಳಿದರು. 2003ರಲ್ಲಿ ಫಲಿತಾಂಶ ಪ್ರಕಟವಾಯಿತು. ದೊಡ್ಡವರು ಪ್ರತ್ಯಯವನ್ನು ಗಮನಿಸಿದರು. ಮಕ್ಕಳು ವಾಕ್ಯದಲ್ಲಿ ಎಷ್ಟು ನಾಮಪದಗಳಿವೆಯೆಂದು ನೋಡಿದರು: ಎರಡಿದ್ದರೆ ಒಂದು ಇನ್ನೊಂದರ ಮೇಲೆ ಕೆಲಸ ಮಾಡುತ್ತಿದೆಯೆಂದು ತಿಳಿದರು. ಕೇಳಿದ ಮಾತಿನಲ್ಲಿ ಪ್ರತ್ಯಯ ಸ್ಪಷ್ಟವಾಗಿದ್ದರೂ ಮಗು ತನ್ನದೇ ಲೆಕ್ಕಾಚಾರದಿಂದ ಆರಂಭಿಸುತ್ತದೆ. ನಾವು ಸುರಿದದ್ದನ್ನು ತುಂಬಿಕೊಳ್ಳುವ ಪಾತ್ರೆ ಹೀಗೆ ನಡೆದುಕೊಳ್ಳುವುದಿಲ್ಲ.

ಎರಡು ನುಡಿ ಬೆರೆಸಿ ಮಾತಾಡುವುದು ಗಡಬಡದ ಲಕ್ಷಣವಲ್ಲವೇ ಎಂದು ಕೇಳಬಹುದು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ ಕುಪವಾಡ ಎಂಬ ಊರಿದೆ. ಅಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ತಲೆತಲಾಂತರದಿಂದ ಒಟ್ಟಿಗಿವೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಆ ಊರಿನ ಮಾತನ್ನು ಕುರಿತು ಬರೆದರು. ವಾಕ್ಯರಚನೆಗಳು ಎಷ್ಟು ಹತ್ತಿರ ಬಂದಿದ್ದವೆಂದರೆ ಒಂದು ನುಡಿಯ ವಾಕ್ಯವನ್ನು ಇನ್ನೊಂದಕ್ಕೆ ಪದಕ್ಕೆ ಪದ ಇಟ್ಟು ಬದಲಿಸಬಹುದಿತ್ತು. ಪದಗಳು ಮಾತ್ರ ಆಯಾ ಮನೆಯವಾಗಿಯೇ ಉಳಿದಿದ್ದವು. ನಮ್ಮ ಕಡೆಯ "ನಾನು ನಿನ್ನೆ ಊರಿಗೆ ಹೋದೆ", "ನೇನು ನಿನ್ನ ಊರಿಕಿ ಪೋಯಿನ" ಎಂಬ ಎರಡು ವಾಕ್ಯಗಳನ್ನು ಮೇಲೆ ಕೆಳಗೆ ಬರೆದು ನೋಡಿರಿ. ಕ್ರಮ ಒಂದೇ, ವಿಭಕ್ತಿಯ ಜಾಗ ಒಂದೇ. ಒಂದರ ಕಟ್ಟಡವನ್ನು ಬಲ್ಲ ಮಗುವಿಗೆ ಇನ್ನೊಂದು ಪರಕೀಯವಾಗುವುದಿಲ್ಲ.

ಓದುಬರಹದಲ್ಲಿಯೂ ಹಾಗೆಯೇ. ಕನ್ನಡ ಮಕ್ಕಳು ಓದು ಕಲಿಯುವ ಬಗೆಯನ್ನು ಬೆಂಗಳೂರಿನ ಸೊನಾಲಿ ನಾಗ್ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಇಂಗ್ಲಿಷಿನಲ್ಲಿ ಅಕ್ಷರಗಳು 26. ನಮ್ಮಲ್ಲಿ ಗುಣಿತ, ಒತ್ತು ಸೇರಿದರೆ ನೂರಾರು. ಆದ್ದರಿಂದ ಅಕ್ಷರಗಳ ಕಲಿಕೆ ಒಂದನೆಯ ತರಗತಿಗೆ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ. ಎರಡನೆಯ ತರಗತಿಯ ಹುಡುಗ ಒತ್ತಕ್ಷರದಲ್ಲಿ ತಡವರಿಸಿದರೆ ಅವನು ಮಂದನೆಂದು ತಿಳಿಯಬೇಕಿಲ್ಲ. ಆ ಲಿಪಿಗೆ ಅಷ್ಟು ಕಾಲ ಬೇಕು. ತೆಲುಗು ಲಿಪಿಗೂ ಈ ಮಾತು ಸಲ್ಲುತ್ತದೆ, ಏಕೆಂದರೆ ಎರಡೂ ಒಂದೇ ಹಳೆಯ ಲಿಪಿಯ ಮಕ್ಕಳು. ನಾವು ತಲೆಕಟ್ಟು ಎನ್ನುವುದನ್ನು ತೆಲುಗಿನವರು ತಲಕಟ್ಟು ಎನ್ನುತ್ತಾರೆ. ಗುಣಿತದ ಗುಟ್ಟನ್ನು ಒಮ್ಮೆ ಹಿಡಿದ ಮಗು ಅದನ್ನು ಎರಡನೆಯ ಲಿಪಿಗೆ ಕೊಂಡೊಯ್ಯುತ್ತದೆ.

ಮಕ್ಕಳ ಮಾತಾಯಿತು. ಎರಡು ನುಡಿಯನ್ನು ಬಾಳೆಲ್ಲ ಆಡಿದ ಹಿರಿಯರ ತಲೆಗೆ ಏನಾಗುತ್ತದೆಂಬ ಪ್ರಶ್ನೆಗೆ ದೊಡ್ಡ ಉತ್ತರವೊಂದು ನಮ್ಮ ರಾಜಧಾನಿಯಿಂದಲೇ ಬಂದಿದೆ. ಹೈದರಾಬಾದಿನ ನಿಜಾಮ್ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ನರವೈದ್ಯೆಯಾಗಿದ್ದ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆಗುಳಿ ರೋಗದ 648 ಜನರ ವಿವರಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಅವರಲ್ಲಿ 391 ಜನ ಎರಡು ಅಥವಾ ಹೆಚ್ಚು ನುಡಿ ಬಲ್ಲವರು. ಒಂದೇ ನುಡಿಯವರಿಗಿಂತ ಅವರಲ್ಲಿ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅದು ಶಿಕ್ಷಣದ ಫಲವಿರಬಹುದೇ ಎಂಬ ಸಂಶಯ ಸಹಜ. ಅಕ್ಷರ ಬಾರದವರಲ್ಲಿಯೂ ಆ ಅಂತರ ಉಳಿದಿತ್ತು. ಪಾಶ್ಚಾತ್ಯ ನಗರಗಳಲ್ಲಿ ಎರಡು ನುಡಿಯವರು ಹಲವೊಮ್ಮೆ ವಲಸೆ ಬಂದವರಾಗಿರುತ್ತಾರೆ. ಇಲ್ಲಿ ಹಾಗಿಲ್ಲದ್ದರಿಂದ ಈ ಅಧ್ಯಯನಕ್ಕೆ ಬೆಲೆ ಹೆಚ್ಚು. 2016ರಲ್ಲಿ ಅವರೇ ಪಾರ್ಶ್ವವಾಯು ಹೊಡೆದ 608 ಜನರನ್ನು ಕುರಿತು ಬರೆದರು. ಆಘಾತದ ನಂತರವೂ ಬುದ್ಧಿಶಕ್ತಿ ಸಹಜವಾಗಿ ಉಳಿದವರು ಎರಡು ನುಡಿಯವರಲ್ಲಿ ನೂರಕ್ಕೆ ಸುಮಾರು 40, ಒಂದೇ ನುಡಿಯವರಲ್ಲಿ ಸುಮಾರು 20.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎರಡು ನುಡಿಯಿಂದ ಗಮನಶಕ್ತಿ ಹೆಚ್ಚುತ್ತದೆಂಬ ಮಾತಿಗೆ ಎಲ್ಲ ಪ್ರಯೋಗಗಳೂ ಸಾಕ್ಷಿ ಹೇಳಿಲ್ಲ. ಲಾಭ ಕಂಡ ಅಧ್ಯಯನಗಳೇ ಹೆಚ್ಚು ಪ್ರಕಟವಾಗುತ್ತವೆಂಬ ಆಕ್ಷೇಪವೂ ಇದೆ. ಕನ್ನಡ ಆಡಿದರೆ ಮಗು ಜಾಣನಾಗುತ್ತಾನೆಂದು ಡಂಗುರ ಹೊಡೆಯುವುದು ಬೇಡ. ಎರಡು ನುಡಿ ಆರೋಗ್ಯವಂತ ಮಗುವಿನ ಬುದ್ಧಿಗೆ ಕೇಡು ಮಾಡುವುದಿಲ್ಲ ಎಂಬ ಮಾತಿಗೆ ಮಾತ್ರ ಆಧಾರ ಗಟ್ಟಿಯಾಗಿದೆ. ನಮ್ಮ ಪರಿಚಿತರಿಗೆ ಬೇಕಾದದ್ದು ಅಷ್ಟೇ.

1956ಕ್ಕೆ ಮರಳಿ ಒಂದು ಮಾತು. ಗಡಿ ಎಳೆದ ಆ ವರ್ಷವೇ ಗಡಿಯಾಚೆ ಉಳಿದವರಿಗೆ ಒಂದು ಭರವಸೆಯನ್ನೂ ಕೊಟ್ಟಿತು. ಸಂವಿಧಾನದ ಏಳನೆಯ ತಿದ್ದುಪಡಿಯ ಮೂಲಕ 350ಎ ವಿಧಿ ಸೇರ್ಪಡೆಯಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧಿಸಲು ಸಾಕಷ್ಟು ಸೌಲಭ್ಯ ಒದಗಿಸುವ ಪ್ರಯತ್ನವನ್ನು ಪ್ರತಿಯೊಂದು ರಾಜ್ಯವೂ, ಅದರೊಳಗಿನ ಪ್ರತಿಯೊಂದು ಸ್ಥಳೀಯ ಪ್ರಾಧಿಕಾರವೂ ಮಾಡಬೇಕೆಂದು ಅದು ಹೇಳುತ್ತದೆ. ಅದರ ಮುಂದಿನ 350ಬಿ ವಿಧಿ ಈ ರಕ್ಷಣೆಗಳನ್ನು ನೋಡಿಕೊಳ್ಳಲು ವಿಶೇಷಾಧಿಕಾರಿಯೊಬ್ಬರ ನೇಮಕಕ್ಕೆ ಅವಕಾಶ ಮಾಡಿಕೊಟ್ಟಿದೆ. ಕಾಗದದ ಮೇಲಿನ ಈ ಹಕ್ಕು ಕೇಳುವವರಿದ್ದರೆ ಮಾತ್ರ ಜೀವ ತಳೆಯುತ್ತದೆ. ಮಕ್ಕಳ ಒಳಿತಿಗಾಗಿಯೇ ಮನೆಯಲ್ಲಿ ಕನ್ನಡ ಬಿಟ್ಟೆವೆಂದು ನಾವೇ ಹೇಳತೊಡಗಿದರೆ ಕನ್ನಡ ಶಾಲೆಗೆ ಮಕ್ಕಳಿಲ್ಲ, ಮಕ್ಕಳಿಲ್ಲವೆಂದು ಶಿಕ್ಷಕರಿಲ್ಲ, ಶಿಕ್ಷಕರಿಲ್ಲವೆಂದು ಮತ್ತೆ ಮಕ್ಕಳಿಲ್ಲ. ಈ ಸುತ್ತು ಆರಂಭವಾಗುವುದು ಒಂದು ತಪ್ಪು ತಿಳಿವಳಿಕೆಯಿಂದ, ನೂರು ವರ್ಷದ ಹಿಂದೆ ವೇಲ್ಸ್‌ನ ಹಳ್ಳಿಗಳಲ್ಲಿ ಹುಟ್ಟಿ ಅಲ್ಲಿಯೇ ಸಾಯಬೇಕಾಗಿದ್ದ ತಿಳಿವಳಿಕೆಯಿಂದ.

ಅಂದು ಬಸ್ ನಿಲ್ದಾಣದಲ್ಲಿ ಪರಿಚಿತರಿಗೆ ಹೇಳಿದ್ದು ಮೂರು ಮಾತು. ಅಜ್ಜಿಯ ಕಥೆಯನ್ನು ನಿಲ್ಲಿಸಬೇಡಿ. ಶಾಲೆಯಲ್ಲಿ ತೆಲುಗು ಅಕ್ಷರ ಕಲಿಯುತ್ತಿರುವಾಗಲೇ ಮನೆಯಲ್ಲಿ ದಿನಕ್ಕೆ ಕಾಲು ಗಂಟೆ ಕನ್ನಡ ಅಕ್ಷರ ಕಲಿಸಿ. ಅವನು ಎರಡು ನುಡಿ ಬೆರೆಸಿದರೆ ಗದರಿಸಬೇಡಿ. ಅವರು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ, "ನೋಡೂಣ್ರಿ" ಎಂದರು. ಅಷ್ಟರಲ್ಲಿ ಯಾದಗಿರಿಯ ಕಡೆಯಿಂದ ಕರ್ನಾಟಕದ ಬಸ್ಸೊಂದು ಬಂದು ನಿಂತಿತು. ಹುಡುಗ ಅದರ ಹಲಗೆಯನ್ನು ತೆಲುಗಿನ ಅಕ್ಷರಗಳ ಬಲದಿಂದಲೇ ಒಂದೊಂದಾಗಿ ಕೂಡಿಸಿ ಓದಿದ: ನಾ, ರಾ, ಯ, ಣ, ಪೇ, ಟೆ. ನಡುವೆ ಒಂದು ಕಡೆ ತಡೆದ, ತಂದೆಯ ಮುಖ ನೋಡಿದ, ತಂದೆ ಹೇಳಿಕೊಟ್ಟರು.